ಒಳ್ಳೆ ಕೇಸ್ ಇದೆ, ಬಾರೋ

ನಮಸ್ಕಾರ. 2024ರ ಫೆಬ್ರವರಿ ನೆನಪಿದೆಯಾ? ಗದಗದ ಸರ್ಕಾರಿ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಆಸ್ಪತ್ರೆಯೊಳಗೇ ರೀಲ್ಸ್ ಮಾಡಿ ಸಿಕ್ಕಿಬಿದ್ದರು. 38 ಜನರ ಮೇಲೆ ಕ್ರಮ ಆಯಿತು. ಅದೇ ದಿನಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಗುತ್ತಿಗೆ ವೈದ್ಯರೊಬ್ಬರ ಪ್ರಿ-ವೆಡ್ಡಿಂಗ್ ಶೂಟ್. ಸುಳ್ಳು ಪೇಶೆಂಟ್, ಸುಳ್ಳು ಆಪರೇಷನ್, ಲೈಟು, ಕ್ಯಾಮೆರಾ. ಕೆಲಸ ಹೋಯಿತು.

ಟಿವಿಯವರು ಬೈದರು, ನಾವೂ ಬೈದೆವು. ಈಗಿನ ಮಕ್ಕಳಿಗೆ ಮೊಬೈಲ್ ಹುಚ್ಚು ಅಂತ ಹೇಳಿ ಮುಗಿಸಿದೆವು. ನನಗೆ ಮಾತ್ರ ಬೈಗುಳ ಅರ್ಧಕ್ಕೇ ನಿಂತುಹೋಯಿತು. ನಾನು ಮೆಡಿಕಲ್ ಓದುವಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಆದರೂ ನಾವು ಸಾಚಾಗಳಾಗಿರಲಿಲ್ಲ.

ಮೂರನೇ ವರ್ಷ. ಹೆಂಗಸರ ವಾರ್ಡು. ಒಬ್ಬರು ಅಡ್ಮಿಟ್ ಆಗಿದ್ದರು, ನಲವತ್ತರ ಆಸುಪಾಸು. ಮೈಟ್ರಲ್ ಸ್ಟೆನೋಸಿಸ್, ಅಂದರೆ ಹೃದಯದ ಒಂದು ಕವಾಟ ಕಿರಿದಾಗಿರೋದು. ನಮಗೆ ಪರೀಕ್ಷೆಗೆ ಬರುವ ಕೇಸ್. ಸುದ್ದಿ ಹಾಸ್ಟೆಲ್‌ಗೆ ಮುಟ್ಟಿತು: "ಒಳ್ಳೆ ಕೇಸ್ ಇದೆ, ಬಾರೋ. ಮರ್ಮರ್ ಚೆನ್ನಾಗಿ ಕೇಳುತ್ತೆ."

ಈ ಮರ್ಮರ್ ಅನ್ನೋದು, ಅಂದರೆ ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವಾಗ ಬರುವ ಸದ್ದು, ಸುಲಭಕ್ಕೆ ಕಿವಿಗೆ ಬೀಳಲ್ಲ. ಪೇಶೆಂಟ್ ಎಡಮಗ್ಗುಲಿಗೆ ತಿರುಗಬೇಕು. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡಿದಿರಬೇಕು. ಸ್ಟೆತಸ್ಕೋಪಿನ ಚಿಕ್ಕ ಬೆಲ್ ಇರುತ್ತಲ್ಲ, ಅದನ್ನು ಹಗುರವಾಗಿ ಇಟ್ಟರೆ ದೂರದ ಗುಡುಗಿನ ಹಾಗೆ ಒಂದು ಸದ್ದು. ಸಾಲಿನಲ್ಲಿ ನಾನು ಎಂಟನೆಯವನೋ ಒಂಬತ್ತನೆಯವನೋ. ಮಲಗಿದರೇ ದಮ್ಮು ಬರುವ ಹೆಂಗಸು ಅವರು. ಅಂಥವರಿಗೆ ಒಬ್ಬೊಬ್ಬನೂ ಅದೇ ಮಾತು: "ತಿರುಗು. ಉಸಿರು ಬಿಡು. ಹಿಡ್ಕೋ." ಪರದೆ ಎಳೆದಿರಲಿಲ್ಲ. ಅವರು ಒಂದು ಕೈಯಲ್ಲಿ ಸೆರಗನ್ನು ಮುಷ್ಟಿ ಮಾಡಿ ಹಿಡಿದಿದ್ದರು. ಬೆರಳಿನ ಗಿಣ್ಣುಗಳು ಬೆಳ್ಳಗಾಗಿದ್ದವು. ನನಗೆ ಸದ್ದು ಕೇಳಿಸಿತು. ಖುಷಿಯಾಗಿ ಹಿಂದಿನವನಿಗೆ "ಸೂಪರ್ ಇದೆ" ಅಂದೆ.

ಹೆಸರು ಕೇಳಲಿಲ್ಲ. ಒಪ್ಪಿಗೆ ಕೇಳೋದಂತೂ ದೂರ.

ಮೇಲಿನ ಆ ಮೂರು ಮಾತು ಇನ್ನೊಂದು ಸಲ ನೋಡಿ. ತಿರುಗು, ಬಿಡು, ಹಿಡ್ಕೋ. ನಲವತ್ತು ವರ್ಷದವರಿಗೆ ಇಪ್ಪತ್ತರ ಹುಡುಗ ಏಕವಚನದಲ್ಲಿ. ಮನೆಯಲ್ಲಿ ಅಷ್ಟು ವಯಸ್ಸಿನ ಅತ್ತೆಗೆ ಹೀಗೆ ಅಂದಿದ್ದರೆ ಅಪ್ಪ ಕಪಾಳಕ್ಕೆ ಕೊಡುತ್ತಿದ್ದರು. ಪ್ರೀತಿಯ ಏಕವಚನವೂ ಇದೆ, ಗೊತ್ತು. ಕೆಲವು ಕಡೆ ಆಡುಮಾತೇ ಹಾಗಿದೆ, ಅದೂ ಗೊತ್ತು. ಆದರೆ ಇದೇ ಹುಡುಗ ನಾಳೆ ಕಾರ್ಪೊರೇಟ್ ಆಸ್ಪತ್ರೆಗೆ ಸೇರಿದ ದಿನವೇ "ಮೇಡಂ, ಸ್ವಲ್ಪ ತಿರುಗ್ತೀರಾ" ಅನ್ನುತ್ತಾನಲ್ಲ! ಅಂದಮೇಲೆ ಬಹುವಚನ ಬಾಯಿಗೆ ಬರಲ್ಲ ಅಂತೇನಿಲ್ಲ. ಯಾರಿಗೆ ಕೊಡಬೇಕು ಅಂತ ಲೆಕ್ಕ ಹಾಕಿ ಕೊಡುತ್ತಾನೆ, ಅಷ್ಟೇ. ಹೊರರಾಜ್ಯದಿಂದ ಬಂದ ಮಕ್ಕಳಿಗೆ ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸ್‌ನಲ್ಲಿ ಸ್ವಲ್ಪ ಕನ್ನಡ ಹೇಳಿಕೊಡುತ್ತಾರೆ. "ನೋವು ಎಲ್ಲಿ" ಅನ್ನೋದಕ್ಕಿಂತ ಮುಂಚೆ "ನೀವು" ಕಲಿಸಿದರೆ ಚೆನ್ನ.

ಈಗ ಪಾಠ ಇಲ್ಲ ಅಂತಲ್ಲ. 2019ರಿಂದ ಎಂಬಿಬಿಎಸ್‌ನಲ್ಲಿ ಏಟ್‌ಕಾಮ್ ಅಂತ ಬಂದಿದೆ. ನಡತೆ, ನೀತಿ, ಮಾತುಕತೆಯ ಪಾಠ. ಪರಿಚಯ ಹೇಳಿಕೊಂಡು ಒಪ್ಪಿಗೆ ಕೇಳಿದರೆ ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸೂ ಸಿಗುತ್ತೆ. ಹಾಗಾಗಿ ಪರೀಕ್ಷೆ ದಿನ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ: "ನಾನು ವೈದ್ಯಕೀಯ ವಿದ್ಯಾರ್ಥಿ, ನಿಮ್ಮನ್ನು ಪರೀಕ್ಷೆ ಮಾಡಲಾ?" ಹೇಳುವಾಗ ಕಣ್ಣು ಮಾತ್ರ ಎಕ್ಸಾಮಿನರ್ ಕಡೆ. ಪೇಶೆಂಟ್ ಉತ್ತರ ಕೊಡುವಷ್ಟರಲ್ಲಿ ಕೈ ಹೊಟ್ಟೆ ಮೇಲಿರುತ್ತೆ. ಬೇಡ ಅಂದರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿಯೇ ಇಲ್ಲ. ಪುಕ್ಕಟೆ ಹಾಸಿಗೆಯಲ್ಲಿ ಮಲಗಿದವರು ಬೇಡ ಅನ್ನಲ್ಲ ಅನ್ನೋ ಧೈರ್ಯ. ಹಾಸಿಗೆ ಪುಕ್ಕಟೆ ಸರಿ, ಮೈ ಪುಕ್ಕಟೆ ಅಂತ ಅವರು ಯಾವಾಗ ಹೇಳಿದರು?

ನಿಯಮಗಳ ಕಥೆ ಬೇಗ ಹೇಳಿಬಿಡ್ತೀನಿ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರ ನಡತೆಗೆ ಹೊಸ ನಿಯಮ ತಂದಿತು. ಸೋಷಿಯಲ್ ಮೀಡಿಯಾದಲ್ಲಿ ಹೇಗಿರಬೇಕು ಅನ್ನೋದೂ ಅದರಲ್ಲಿತ್ತು. ಅದೇ ತಿಂಗಳ 23ಕ್ಕೆ ತಡೆಹಿಡಿಯಿತು. ಮತ್ತೆ 2002ರ ಹಳೇ ನಿಯಮಕ್ಕೇ ವಾಪಸ್. ಆಗ ವಾಟ್ಸಾಪ್ ಹುಟ್ಟಿಯೇ ಇರಲಿಲ್ಲ!

ವಾಟ್ಸಾಪ್ ಅಂದೆನಲ್ಲ. ರೀಲ್ಸ್ ಮಾಡಿದವರು ಸಿಕ್ಕಿಬೀಳುತ್ತಾರೆ, ಯಾಕಂದರೆ ಊರಿಗೆಲ್ಲ ಕಾಣುತ್ತೆ. ಬ್ಯಾಚ್ ಗ್ರೂಪಿನಲ್ಲಿ ಬೀಳುವ ಎಕ್ಸ್‌ರೇ ಯಾರಿಗೂ ಕಾಣಲ್ಲ. ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಹಾಗೇ ಇರುತ್ತೆ. ಗಾಯದ ಫೋಟೋದಲ್ಲಿ ಅರ್ಧ ಮುಖ ಇರುತ್ತೆ. ಕಲಿಯೋಕೆ ತಾನೇ ಸಾರ್ ಅಂತೀರಿ. ಸರಿ, ಆ ಮೂಲೆ ಕತ್ತರಿಸೋಕೆ ಎಷ್ಟು ಸೆಕೆಂಡ್ ಬೇಕು? ನರ್ಸಿಂಗ್, ಲ್ಯಾಬ್, ರೇಡಿಯಾಲಜಿ ಓದುವವರಿಗೂ ಇದನ್ನೇ ಹೇಳ್ತಿದ್ದೀನಿ. ರಿಪೋರ್ಟು ಮೊದಲು ಬರೋದೇ ನಿಮ್ಮ ಕೈಗೆ.

ಕೈಯಿಟ್ಟು ನೋಡದೆ ಯಾರೂ ಡಾಕ್ಟರ್ ಆಗಲ್ಲ. ನಾನೂ ಆ ಹೆಂಗಸಿನ ಎದೆಯ ಸದ್ದಿನಿಂದಲೇ ಕಲಿತವನು. ಇವತ್ತಿಗೂ ಮೈಟ್ರಲ್ ಸ್ಟೆನೋಸಿಸ್ ಅಂದರೆ ನನ್ನ ಕಿವಿಗೆ ಮೊದಲು ಬರೋದು ಅವರ ಗುಡುಗೇ. ಒಂದು ಸ್ಟೂಲ್ ಎಳೆದು ಕೂತು, ಹೆಸರು ಕೇಳಿ, "ಸುಸ್ತಾದರೆ ಹೇಳಿ, ನಿಲ್ಲಿಸ್ತೀನಿ" ಅಂದಿದ್ದರೂ ಅದು ಅಷ್ಟೇ ಚೆನ್ನಾಗಿ ಕೇಳಿಸುತ್ತಿತ್ತು.

ಅವತ್ತು ಎಲ್ಲರದ್ದೂ ಮುಗಿದ ಮೇಲೆ ನಾನು ಸ್ಟೆತ್ ಸುತ್ತಿಕೊಂಡು ಹೊರಟಿದ್ದೆ. ಅವರು ಎದ್ದು ಕೂತು ಒಂದೆರಡು ಸಲ ಉಸಿರೆಳೆದುಕೊಂಡು ನನ್ನನ್ನು ಕರೆದರು. "ಡಾಕ್ಟ್ರೇ" ಅಂದರು. ನಾನಿನ್ನೂ ಡಾಕ್ಟ್ರೂ ಅಲ್ಲ, ಏನೂ ಅಲ್ಲ.

"ಎಲ್ಲರೂ ಒಳ್ಳೆ ಕೇಸು, ಒಳ್ಳೆ ಕೇಸು ಅಂತಿದ್ದೀರಲ್ಲ. ಹಂಗಾದ್ರೆ ನಂಗೆ ಜಾಸ್ತಿ ಏನೂ ಇಲ್ಲ ಅಲ್ವಾ?"