ಹೊಡೆಯುವ ಕೈ, ಕಾಯುವ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಕ್ಕಳಿಗೆ ಬಾಕ್ಸಿಂಗ್ ಕಲಿಸುವವರಿಗೆ ಒಂದು ಅನುಕೂಲವಿದೆ. ಇಲ್ಲಿಯ ಹುಡುಗರಿಗೆ ಧೈರ್ಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಜಾತ್ರೆಯ ಕುಸ್ತಿ ಕಣ ನೋಡಿಕೊಂಡೇ ಬೆಳೆದವರು ಇವರು. ಈಗ ಹುಡುಗಿಯರೂ ಬರುತ್ತಿದ್ದಾರೆ, ಅವರಲ್ಲೂ ಅಂಜಿಕೆ ಕಡಿಮೆ. ಹೀಗೆ ಬರುವವರ ನಡುವೆ ಎಂದೋ ಒಮ್ಮೆ ಒಬ್ಬ ಹುಡುಗ ಕಾಣಿಸಿಕೊಳ್ಳುತ್ತಾನೆ. ಕೈಯಲ್ಲಿ ವೇಗ, ಹೊಡೆತದಲ್ಲಿ ಭಾರ, ಗಂಟೆ ಬಾರಿಸಿದ ಕೂಡಲೇ ಎದುರಾಳಿಯ ಮೇಲೆ ಎರಗುವ ಹುಮ್ಮಸ್ಸು. ಎಲ್ಲರೂ ಅವನ ಬಗ್ಗೆ ಸಂಭ್ರಮ ಪಡುತ್ತಾರೆ. ನನಗೆ ಹೆಚ್ಚಿನ ಚಿಂತೆಯೂ ಅವನದೇ. ಇವತ್ತು ಅವನನ್ನು ಕುರಿತೇ ಮಾತನಾಡುತ್ತೇನೆ.

ಸಾಧಾರಣ ಹುಡುಗ ಗಾರ್ಡ್, ಅಂದರೆ ಮುಖ ಕಾಯುವ ಕೈಗಳನ್ನು, ಇಳಿಸಿದರೆ ಅಂದೇ ಮೂಗಿಗೆ ಏಟು ಬೀಳುತ್ತದೆ. ಮರುದಿನ ಯಾರೂ ಹೇಳದೆ ಅವನ ಕೈ ಕೆನ್ನೆಯ ಪಕ್ಕಕ್ಕೆ ಬರುತ್ತದೆ. ಪ್ರತಿಭಾವಂತ ಗಾರ್ಡ್ ಇಳಿಸಿದರೆ ಏನೂ ಆಗುವುದಿಲ್ಲ. ಎದುರಾಳಿಯ ಕೈ ಹೊರಡುವ ಮುನ್ನ ಇವನ ಹೊಡೆತ ತಲುಪಿರುತ್ತದೆ. ಹೊರಟರೂ ಇವನ ಕಣ್ಣಿನ ಚುರುಕು ತಲೆಯನ್ನು ಕಾಪಾಡುತ್ತದೆ. ಜಿಲ್ಲಾ ಮಟ್ಟದಲ್ಲಿ ಗೆಲ್ಲುತ್ತಾನೆ, ವಿಭಾಗ ಮಟ್ಟದಲ್ಲಿ ಗೆಲ್ಲುತ್ತಾನೆ. ಒಂದೊಂದು ಗೆಲುವೂ ಆ ಇಳಿದ ಕೈಗೆ ಶಾಭಾಸ್ ಹೇಳುತ್ತಾ ಹೋಗುತ್ತದೆ. ತನ್ನಷ್ಟೇ ವೇಗದ, ತನಗಿಂತ ತಾಳ್ಮೆಯ ಎದುರಾಳಿ ಸಿಗುವ ಹೊತ್ತಿಗೆ ಆ ದೋಷ ಅವನ ಮೈಗೆ ಹತ್ತಿಬಿಟ್ಟಿರುತ್ತದೆ.

ಇದಕ್ಕೆ ಬಾಕ್ಸಿಂಗ್ ಇತಿಹಾಸದಲ್ಲಿ ಅಮೆರಿಕದ ಹೆವಿವೇಟ್ ಬಾಕ್ಸರ್ ಜೋ ಲೂಯಿಸ್ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1936ರ ಜೂನ್ 19, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಲೂಯಿಸ್ ಅವರಿಗೆ ಆಗ 22 ವರ್ಷ. ವೃತ್ತಿಪರರಾದ ಮೇಲೆ ಒಂದೂ ಪಂದ್ಯ ಸೋತಿರಲಿಲ್ಲ, ಬಹುಪಾಲು ಎದುರಾಳಿಗಳನ್ನು ನಾಕೌಟ್ ಮಾಡಿದ್ದರು. ಎದುರಿಗಿದ್ದವರು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್, 30 ವರ್ಷದ ಮಾಜಿ ಚಾಂಪಿಯನ್. ಅವರ ಕಾಲ ಮುಗಿಯಿತೆಂದೇ ಜನ ಎಣಿಸಿದ್ದರು. ಆದರೆ ಷ್ಮೆಲಿಂಗ್ ಲೂಯಿಸ್ ಅವರ ಪಂದ್ಯಗಳ ಚಿತ್ರಸುರುಳಿಗಳನ್ನು ಕುಳಿತು ನೋಡಿದ್ದರು, ಅದರಲ್ಲಿ ಒಂದು ಸಣ್ಣ ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು. ಜಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಹೊಡೆದ ಎಡಗೈಯನ್ನು ಲೂಯಿಸ್ ಹೋದ ದಾರಿಯಲ್ಲೇ ಕೆನ್ನೆಗೆ ಮರಳಿಸುತ್ತಿರಲಿಲ್ಲ; ಕೆಳಗಿಳಿಸಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆ ಅರೆಗಳಿಗೆ ಎಡಗೆನ್ನೆ ಬಯಲಾಗುತ್ತಿತ್ತು. ಷ್ಮೆಲಿಂಗ್ ತಮ್ಮ ಬಲಗೈಯನ್ನು ಅದಕ್ಕಾಗಿಯೇ ಕಾದಿರಿಸಿದರು. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕೆ ಬಿದ್ದರು. 12ನೆಯ ಸುತ್ತಿನಲ್ಲಿ ಬಿದ್ದವರು ಎಣಿಕೆ ಮುಗಿಯುವುದರೊಳಗೆ ಏಳಲಾಗಲಿಲ್ಲ.

ಅಷ್ಟು ಪಂದ್ಯಗಳ ಗೆಲುವಿನಲ್ಲೂ ಆ ಎಡಗೈ ಹಾಗೆಯೇ ಇಳಿಯುತ್ತಿತ್ತು ಎಂಬುದನ್ನು ಗಮನಿಸಿ. ಗೆದ್ದವನ ತಪ್ಪನ್ನು ಯಾರು ಹುಡುಕುತ್ತಾರೆ? ಎರಡು ವರ್ಷದ ಮೇಲೆ, 1938ರ ಜೂನ್ 22ರಂದು, ಅದೇ ಕ್ರೀಡಾಂಗಣದಲ್ಲಿ ಲೂಯಿಸ್ ಅದೇ ಷ್ಮೆಲಿಂಗ್ ಅವರನ್ನು ಮೊದಲ ಸುತ್ತಿನಲ್ಲೇ, 124 ಸೆಕೆಂಡುಗಳಲ್ಲಿ ಮುಗಿಸಿದರು. ವಿಶ್ವ ಹೆವಿವೇಟ್ ಪಟ್ಟವನ್ನು 25 ಸಲ ಉಳಿಸಿಕೊಂಡರು. ಎಡಗೈಯ ಆ ತಪ್ಪನ್ನು ತಿದ್ದಿಕೊಂಡ ಮೇಲೂ ಅವರ ಆಕ್ರಮಣದ ಕಾವು ಒಂದಿಷ್ಟೂ ಇಳಿದಿರಲಿಲ್ಲ. ರಕ್ಷಣೆ ಕಲಿಸಿದರೆ ಹುಡುಗ ಮೆತ್ತಗಾಗುತ್ತಾನೆ ಎಂದು ಹೆದರುವ ತಂದೆಯರಿಗೆ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇನೆ.

ನಮ್ಮ ಕಡೆಯ ಹುಡುಗರಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಹಲವರು ಗರಡಿಮನೆಯಿಂದ ಬಂದವರು. ಕುಸ್ತಿಯಲ್ಲಿ ಸೊಂಟ ಬಗ್ಗಿಸಿ, ತಲೆ ಮುಂದೆ ಚಾಚಿ, ಕೈಗಳನ್ನು ತಗ್ಗಿಸಿ ನಿಲ್ಲಬೇಕು. ಎದುರಾಳಿ ಕಾಲಿಗೆ ಕೈ ಹಾಕದಂತೆ ತಡೆಯಲು ಅದೇ ಸರಿಯಾದ ನಿಲುವು. ರಿಂಗಿನಲ್ಲಿ ಅದೇ ನಿಲುವಿನಿಂದ ನುಗ್ಗಿದರೆ ತಲೆ ಮುಂಗಾಲಿನ ಮೊಣಕಾಲನ್ನು ದಾಟಿ ಹೋಗುತ್ತದೆ, ಕೆಳಗಿನಿಂದ ಬರುವ ಅಪ್ಪರ್‌ಕಟ್‌ಗೆ ಗಲ್ಲವನ್ನು ನಾವೇ ಒಯ್ದು ಕೊಟ್ಟ ಹಾಗೆ ಆಗುತ್ತದೆ. ಕುಸ್ತಿ ಕೊಟ್ಟ ಗಟ್ಟಿ ಕತ್ತು, ಕಾಲಿನ ಬಿಗಿ, ಉಸಿರಿನ ಶಕ್ತಿ ಬಾಕ್ಸಿಂಗ್‌ಗೆ ವರದಾನವೇ. ಆ ಒಂದು ನಿಲುವನ್ನು ಮಾತ್ರ ಬಿಡಿಸಬೇಕು, ಅದು ತಿಂಗಳುಗಟ್ಟಲೆಯ ಕೆಲಸ.

ಹುಕ್, ಅಂದರೆ ಪಕ್ಕದಿಂದ ಬೀಸುವ ಹೊಡೆತ, ಹೊಡೆಯುವಾಗ ಇನ್ನೊಂದು ಕೈ ಕೆನ್ನೆ ಬಿಟ್ಟು ಹಾರುವುದು, ಜೋರಾಗಿ ಬೀಸುವ ಭರದಲ್ಲಿ ಗಲ್ಲ ಮೇಲೇಳುವುದು, ಮೊಣಕೈ ಅಗಲವಾಗಿ ಬಲಪಕ್ಕೆ ತೆರೆದುಕೊಳ್ಳುವುದು ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಪಕ್ಕೆಲುಬಿನ ಕೆಳಗೆ ಯಕೃತ್ತಿಗೆ ಒಂದು ಹೊಡೆತ ಬಿದ್ದರೆ ಎಂಥ ಗಟ್ಟಿಗನೂ ಮಂಡಿಯೂರುತ್ತಾನೆ. ಇವನ್ನು ತಿದ್ದಲು ದಾರಿಗಳಿವೆ, ಮುಂದೆ ಹೇಳುತ್ತೇನೆ.

ಕಾಣಲು ಕಷ್ಟವಾದದ್ದು ಕಾಲಿನ ದೋಷ. ಆಕ್ರಮಣಕಾರಿ ಹುಡುಗ ನೇರ ಗೆರೆಯಲ್ಲಿ ಒಳಗೆ ಹೋಗುತ್ತಾನೆ, ನಾಲ್ಕು ಹೊಡೆದು ಅಲ್ಲೇ ನಿಲ್ಲುತ್ತಾನೆ, ಇಲ್ಲವೇ ಅದೇ ಗೆರೆಯಲ್ಲಿ ಹಿಂದಕ್ಕೆ ಬರುತ್ತಾನೆ. ಕೌಂಟರ್, ಅಂದರೆ ಮರುಹೊಡೆತ, ಹೊಡೆಯುವವನಿಗೆ ಗುರಿ ಹುಡುಕುವ ಶ್ರಮವೇ ಇರುವುದಿಲ್ಲ. ಹಾವೇರಿ ಸೀಮೆಯ ಮಕ್ಕಳಿಗೆ ಇದನ್ನು ತಿಳಿಸಲು ನಾನು ದೀಪಾವಳಿಯ ಕೊಬ್ಬರಿ ಹೋರಿಯನ್ನೇ ನೆನಪಿಸುತ್ತೇನೆ. ಹೋರಿಯ ಕೊರಳ ಮಾಲೆಗೆ ಕೈ ಹಾಕುವ ಪಳಗಿದ ಯುವಕ ಓಡಿಬರುವ ಹೋರಿಗೆ ಎದುರಾಗಿ ನಿಲ್ಲುತ್ತಾನೆಯೇ? ಮುಂದೆ ನಿಂತವನಿಗೆ ಕೊಂಬು, ಪಕ್ಕದಿಂದ ಹಾರಿದವನಿಗೆ ಕೊಬ್ಬರಿ. ಅಷ್ಟು ಹೇಳಿದರೆ ಸಾಕು, ಒಳಗೆ ಹೋದ ಮೇಲೆ ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯುವುದು ಏಕೆಂದು ಅವರಿಗೆ ಅರ್ಥವಾಗುತ್ತದೆ. ನಮ್ಮ ಮೇರಿ ಕೋಮ್ ಅವರ ಆಟವನ್ನು ನೋಡಿ. 48 ಕೆ.ಜಿ. ವಿಭಾಗದ ವಿಶ್ವ ಚಾಂಪಿಯನ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 51 ಕೆ.ಜಿ. ವಿಭಾಗದಲ್ಲಿ ಆಡಬೇಕಾಯಿತು. ತಮಗಿಂತ ಎತ್ತರದವರ ನಡುವೆ ಕಂಚು ಗೆದ್ದರು. ನುಗ್ಗಿ ಹೊಡೆಯುತ್ತಿದ್ದರು, ಉತ್ತರ ಬರುವ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ.

ಒಮ್ಮೆ ಕಲಿತರೆ ಮುಗಿಯಿತೇ? ಮೈಕ್ ಟೈಸನ್ ಅವರ ಬದುಕು ಇಲ್ಲ ಎನ್ನುತ್ತದೆ. ಗುರು ಕಸ್ ಡಮಾಟೊ ಟೈಸನ್ ಅವರಿಗೆ ಕಲಿಸಿದ್ದು ಎರಡೂ ಕೈ ಕೆನ್ನೆಗೆ ಒತ್ತಿ, ತಲೆಯನ್ನು ಎಡಬಲ ಆಡಿಸುತ್ತಾ ಒಳಗೆ ಹೋಗುವ ಶೈಲಿ. ಜನ ನೋಡಿದ್ದು ನಾಕೌಟ್‌ಗಳನ್ನು. ಆ ನಾಕೌಟ್‌ಗಳಿಗೆ ದಾರಿ ಮಾಡಿಕೊಟ್ಟದ್ದು ತಲೆಯ ಆ ಚಲನೆ. 1986ರ ನವೆಂಬರ್ 22ರಂದು, 20ನೆಯ ವಯಸ್ಸಿನಲ್ಲಿ, ಅವರು ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದರು. ಡಮಾಟೊ ಆ ಹೊತ್ತಿಗೆ ತೀರಿಕೊಂಡಿದ್ದರು. ಅದೇ ಪರಂಪರೆಯ ತರಬೇತುದಾರ ಕೆವಿನ್ ರೂನಿ ಅವರನ್ನು ಟೈಸನ್ 1988ರಲ್ಲಿ ಬಿಟ್ಟರು. 1990ರ ಫೆಬ್ರವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಎದುರು ರಿಂಗಿಗೆ ಇಳಿದ ಟೈಸನ್ ತಲೆ ಆಡಿಸುವುದನ್ನು ಬಹುಮಟ್ಟಿಗೆ ಮರೆತಿದ್ದರು. ನೇರವಾಗಿ ನುಗ್ಗಿದರು, ಡಗ್ಲಸ್ ಅವರ ಉದ್ದನೆಯ ಜಾಬ್ ಮತ್ತೆ ಮತ್ತೆ ಮುಖಕ್ಕೆ ಬಡಿಯಿತು, ಹತ್ತನೆಯ ಸುತ್ತಿನಲ್ಲಿ ನಾಕೌಟ್ ಆದರು. ಹೊಡೆತದ ಭಾರ ಮೈಯಲ್ಲಿ ಉಳಿಯುತ್ತದೆ. ರಕ್ಷಣೆ ಅಭ್ಯಾಸ ತಪ್ಪಿದ ಕೂಡಲೇ ಕರಗುತ್ತದೆ.

ಈಗ ತಿದ್ದುವ ವಿಚಾರಕ್ಕೆ ಬರುತ್ತೇನೆ. ತೂಗುಬಿಟ್ಟ ಚೀಲ ತಿರುಗಿ ಹೊಡೆಯುವುದಿಲ್ಲ. ದಿನವಿಡೀ ಚೀಲಕ್ಕೆ ಹೊಡೆಯುವ ಹುಡುಗನ ಕೈ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ. ಹೊಡೆತ ತಡೆಯುವ ಮೆತ್ತೆ, ಅಂದರೆ ಪ್ಯಾಡ್, ಹಿಡಿದವರು ಬರೀ ಹೊಡೆಸಬಾರದು. ಹುಡುಗನ ಕೈ ಕೆಳಗಿಳಿದಾಗಲೆಲ್ಲ ಅದೇ ಪ್ಯಾಡಿನಿಂದ ಅವನ ಕೆನ್ನೆಯನ್ನು ಮುಟ್ಟಬೇಕು. ಮೊಬೈಲಿನಲ್ಲಿ ಚೆನ್ನಾಗಿ ಕಾಣಲೆಂದು ಮಾಡಿಸುವ ಪಟಪಟ ಪ್ಯಾಡ್ ಹೊಡೆತಗಳಿಂದ ಈ ಕೆಲಸ ಆಗದು. ಟೆನಿಸ್ ಚೆಂಡೊಂದನ್ನು ಗಲ್ಲ ಮತ್ತು ಎದೆಯ ನಡುವೆ ಹಿಡಿದು ಶಾಡೋ ಬಾಕ್ಸಿಂಗ್, ಅಂದರೆ ಎದುರಾಳಿ ಇಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ, ಮಾಡಿಸಿ, ಗಲ್ಲ ಎದ್ದರೆ ಚೆಂಡು ಬೀಳುತ್ತದೆ. ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ ಅದರ ಕೆಳಗೆ ತಲೆ ಸರಿಸುತ್ತಾ ಮುಂದೆ ನಡೆಸಿ. ಇವುಗಳಿಗೆ ಹೆಚ್ಚು ಹಣ ಬೇಕಿಲ್ಲ, ಊರ ಶಾಲೆಯ ಅಂಗಳದಲ್ಲೂ ಮಾಡಬಹುದು.

ಎಲ್ಲಕ್ಕಿಂತ ಮುಖ್ಯ, ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾದಾಟಕ್ಕೆ, ಜೊತೆಗಾರನನ್ನು ಆರಿಸುವುದು. ಪ್ರತಿಭಾವಂತನಿಗೆ ತನಗಿಂತ ದುರ್ಬಲರೇ ಸಿಕ್ಕರೆ ಅವನು ಏನನ್ನೂ ಕಲಿಯುವುದಿಲ್ಲ. ಹೊಡೆತದ ಭಾರ ಕಳೆದುಕೊಂಡರೂ ಕಣ್ಣಿನ ಅನುಭವ ಉಳಿಸಿಕೊಂಡ ಹಿರಿಯ ಬಾಕ್ಸರ್ ಒಬ್ಬರನ್ನು ಅವನ ಮುಂದೆ ನಿಲ್ಲಿಸಿ, ಹಗುರವಾಗಿ, ಜಾಬ್ ಮಾತ್ರ ಹೊಡೆಯಬೇಕೆಂಬ ನಿಯಮ ಹಾಕಿ. ಆ ಹಿರಿಯರ ಜಾಬ್ ಮೂಗಿಗೆ ಮೆಲ್ಲಗೆ ತಾಗುತ್ತಲೇ ಇರುವಾಗ ಹುಡುಗನಿಗೆ ಸಿಟ್ಟು ಬರುತ್ತದೆ, ಆಮೇಲೆ ಯೋಚನೆ ಬರುತ್ತದೆ. ಅವನು ಗೆಲ್ಲುತ್ತಿರುವ ಕಾಲದಲ್ಲೇ ಇದನ್ನು ಮಾಡಬೇಕು.

ಪೋಷಕರಿಗೆ, ಪ್ರೇಕ್ಷಕರಿಗೆ ಒಂದು ಮಾತು. ‘ನುಗ್ಗು, ಹೊಡೆ’ ಎಂಬ ಕೂಗು ಹುಡುಗನ ಕಿವಿಗೆ ಕೋಚ್ ಮಾತಿಗಿಂತ ಬೇಗ ತಲುಪುತ್ತದೆ. ಮುಂದೆ ಮುಂದೆ ಹೋದವನಿಗೇ ಅಂಕ ಎಂಬ ನಂಬಿಕೆಯೂ ತಪ್ಪು. ಈಗಿನ ಪದ್ಧತಿಯಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಅಂಕ. ನುಗ್ಗುವವನ ಐದು ಹೊಡೆತಗಳು ಎದುರಾಳಿಯ ಕೈಗವಸಿಗೆ ಬಡಿದು, ತಿರುಗಿ ಬಂದ ಒಂದೇ ಕೌಂಟರ್ ಇವನ ತಲೆಯನ್ನು ಹಿಂದಕ್ಕೆ ತಳ್ಳಿದರೆ ತೀರ್ಪುಗಾರರ ಕಣ್ಣಿನಲ್ಲಿ ಉಳಿಯುವುದು ಆ ಕೌಂಟರ್.

ತಲೆಗೆ ತೊಡುವ ಹೆಡ್‌ಗಾರ್ಡ್ ಇದೆಯಲ್ಲ ಎನ್ನುತ್ತೀರಿ. ಅದು ಹುಬ್ಬು ಹರಿಯುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ಸೀನಿಯರ್ ಪುರುಷರ ವಿಭಾಗದಲ್ಲಿ 2013ರಿಂದ ಅದೂ ಇಲ್ಲ. ತಲೆಗೆ ಏಟು ಬಿದ್ದು ನಾಕೌಟ್ ಆದವನಿಗೆ ಕನಿಷ್ಠ 30 ದಿನ ಪಂದ್ಯವೂ ಇಲ್ಲ, ಸ್ಪಾರಿಂಗೂ ಇಲ್ಲ ಎಂಬುದು ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಬಂದ ನಿಯಮ. ಮಗನಿಗೆ ತಲೆನೋವು, ವಾಂತಿ, ಮಂಕು ಕಂಡರೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ವೈದ್ಯರಿಗೆ ತಕ್ಷಣ ತೋರಿಸಿ. ಮುಂದಿನ ವಾರವೇ ಆಯ್ಕೆ ಪಂದ್ಯವಿದೆ, ಅವನನ್ನು ಆಡಲು ಬಿಡಿ ಎಂದು ಕೋಚ್ ಅವರನ್ನು ಒತ್ತಾಯಿಸಬೇಡಿ. ಕೋಚ್ ಅವರೇ ನಿಮ್ಮನ್ನು ಒತ್ತಾಯಿಸಿದರೆ ಆ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.