ಎರಡು ಸೆಂಟಿಮೀಟರ್ ಮಜ್ಜೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಈ ಬಿಸಿಲಿನಲ್ಲಿ, ಅದೂ ಊಟ ಆದಮೇಲೆ ಇಷ್ಟು ಜನ ಬಂದು ಕೂತಿದ್ದೀರಿ, ಖುಷಿಯಾಯಿತು. ಲಿಂಫೋಮಾ ಅಂದರೆ ಲಿಂಫೋಸೈಟ್ ಅನ್ನೋ ಬಿಳಿ ಕಣಗಳ ಕ್ಯಾನ್ಸರ್ ಅಂತ ವೈದ್ಯರಾದ ನಿಮಗೆ ಹೇಳಬೇಕಾಗಿಲ್ಲ. ನಾನು ಕೇಳಿಕೊಳ್ಳಲು ಬಂದಿರುವುದು ಒಂದೇ ಮಾತು: ಅದು ಮೂಳೆಯೊಳಗಿನ ಮಜ್ಜೆಗೆ ಹರಡಿದೆಯಾ ಅಂತ ನೋಡಲು ಮಜ್ಜೆ ತೆಗೆಯುವುದಾದರೆ ಉದ್ದ ತುಂಡು ತೆಗೆಯಿರಿ.

ಸಂಡೂರು ಕಡೆಯ ಹಿರಿಯರೊಬ್ಬರು. ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವರು. ಕುತ್ತಿಗೆಯ ಗಂಟಿಗೆ ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದರು, ಬಯಾಪ್ಸಿನೇ ಆಗಿರಲಿಲ್ಲ. ಕೊನೆಗೆ ಗಂಟನ್ನು ಇಡಿಯಾಗಿ ತೆಗೆಸಿ ನೋಡಿದರೆ ಫಾಲಿಕ್ಯುಲರ್ ಲಿಂಫೋಮಾ. ಆಮೇಲೆ ಮಜ್ಜೆಯ ತುಂಡು ಪೆಥಾಲಜಿ ಲ್ಯಾಬಿನಲ್ಲಿ ನನ್ನ ಟೇಬಲ್‌ಗೆ ಬಂತು. ಫಾರ್ಮಲಿನ್ ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಅಕ್ಕಿಕಾಳಿನಷ್ಟು ಏನೋ ತಳದಲ್ಲಿ ಕೂತಿತ್ತು. ಸ್ಕೇಲ್ ಇಟ್ಟರೆ 6 ಮಿ.ಮೀ. ಸ್ಲೈಡ್‌ನಲ್ಲಿ ಅರ್ಧಕ್ಕರ್ಧ ಮೇಲಿನ ಗಟ್ಟಿ ಮೂಳೆ, ಉಳಿದದ್ದು ಬರೀ ರಕ್ತ. ‘ಲಿಂಫೋಮಾ ಇಲ್ಲ’ ಅಂತ ಬರೆಯಲು ನನಗೆ ಕೈ ಬರಲಿಲ್ಲ. ‘ತುಂಡು ಸಾಲದು’ ಅಂತ ಬರೆದೆ.

ಬರೆದು ಸುಮ್ನೆ ಕೂರಲಾಗಲಿಲ್ಲ, ವಾರ್ಡಿಗೆ ಹೋದೆ. “ಮತ್ತ ಚುಚ್ಚತೀರೇನ್ರೀ?” ಅಂದರು. ಪಕ್ಕದಲ್ಲಿ ಅವರ ಹೆಂಡತಿ. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ ಅನ್ನೋ ಭಯ ಅವರಿಗೆ. ಆ ಭಯ ನೀವೆಲ್ಲ ನೋಡಿದ್ದೀರಿ, ಅಲ್ವಾ? ಸೊಂಟದ ಹಿಂದಿನ ಮೂಳೆಯನ್ನು ಮುಟ್ಟಿ ತೋರಿಸಿದೆ: ಸೂಜಿ ಹೋಗುವುದು ಇಲ್ಲಿಗೆ, ಬೆನ್ನುಹುರಿ ಇಲ್ಲಿಲ್ಲ. ಆಗ ಅವರೇ ಹೆಂಡತಿಗೆ ಹೇಳಿದರು: “ಅದಿರು ಐತೋ ಇಲ್ಲೋ ಅಂತ ಮ್ಯಾಲಿನ ಮಣ್ಣು ಕೆರೆದು ಹೇಳ್ತಿದ್ವೇನು? ಆಳಕ್ಕ ಕೊರೆದು ಕೋರ್ ತೆಗೀತಿದ್ವಿ. ಇದೂ ಹಂಗ.” ಇಷ್ಟು ಚೆನ್ನಾಗಿ ನಾನು ಯಾವ ಕ್ಲಾಸಿನಲ್ಲೂ ವಿವರಿಸಿಲ್ಲ.

ಎರಡನೇ ತುಂಡು 22 ಮಿ.ಮೀ. ಇತ್ತು. ಮೂಳೆಯ ಎಳೆಗಳ ಅಂಚಿಗೆ ಆತುಕೊಂಡಂತೆ ಲಿಂಫೋಮಾ ಕಣಗಳ ಗುಂಪು, ಮೂರು ಕಡೆ. ಆಸ್ಪಿರೇಟ್‌ನಲ್ಲಿ, ಅಂದರೆ ಸಿರಿಂಜಿನಿಂದ ಹೀರಿ ತೆಗೆದ ಮಜ್ಜೆಯಲ್ಲಿ, ಏನೂ ಇರಲಿಲ್ಲ. ಹೀಗೆ ಅಂಚಿಗೆ ಬಿಗಿಯಾಗಿ ಕೂತ ಕಣಗಳು ಸಿರಿಂಜಿಗೆ ಸುಲಭವಾಗಿ ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಇರುವುದರಿಂದ ಚಿಕ್ಕ ತುಂಡಿನಲ್ಲೂ ತಪ್ಪಿಸಿಕೊಳ್ಳುತ್ತವೆ. ಮಜ್ಜೆಯಲ್ಲಿ ಸಿಕ್ಕಿತು ಅಂದರೆ ಲಿಂಫೋಮಾ ಎಷ್ಟು ಹರಡಿದೆ ಅಂತ ಅಳೆಯುವ 1971ರ ಆನ್ ಆರ್ಬರ್ ಲೆಕ್ಕದಿಂದ ಇಂದಿನವರೆಗೂ ಅದು 4ನೇ ಹಂತವೇ. ಅದಕ್ಕೇ ಕನಿಷ್ಠ 2 ಸೆಂ.ಮೀ. ಕೊಡಿ ಅನ್ನುತ್ತೇನೆ. ಪ್ರೊಸೆಸಿಂಗ್‌ನಲ್ಲಿ ಅದೂ ಸ್ವಲ್ಪ ಕುಗ್ಗುತ್ತದೆ.

ತುಂಡು ಚಿಕ್ಕದಾಗುವುದು ಯಾಕೆ? ರೋಗಿ ನೋವಿಗೆ ನರಳುತ್ತಾರೆ, ನಾವು ಬೇಗ ಮುಗಿಸುತ್ತೇವೆ. ಮೂಳೆಯ ಪೊರೆಗೆ ಸರಿಯಾಗಿ ಮರಗಟ್ಟಿಸುವ ಲಿಗ್ನೋಕೇನ್ ಕೊಡಿ. ಕೊಟ್ಟು ಮೂರು ನಿಮಿಷ ಕಾಯಿರಿ. ಮಾತಾಡಿಸುತ್ತಾ ಕಾಯಿರಿ.

ಈಗ ಪೆಟ್ ಸ್ಕ್ಯಾನ್, ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವ ಸ್ಕ್ಯಾನ್. ‘ಪೆಟ್ ಇರುವಾಗ ಸೂಜಿ ಯಾಕೆ ಸರ್?’ ಅಂತ ಪಿಜಿ ಹುಡುಗರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಹಾಡ್ಜ್‌ಕಿನ್ ಅನ್ನೋ ಬಗೆಯ ಲಿಂಫೋಮಾ ಆದರೆ, ಪೆಟ್ ಆಗಿದ್ದರೆ ಮಜ್ಜೆ ಬೇಡ ಅಂತ ಹಂತ ಗುರುತಿಸುವ 2014ರ ಲುಗಾನೋ ವರ್ಗೀಕರಣವೇ ಹೇಳಿದೆ. ಅಂಥವರಿಗೆ ಸುಮ್ನೆ ಚುಚ್ಚಬೇಡಿ. ವೇಗವಾಗಿ ಬೆಳೆಯುವ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾದಲ್ಲಿ ಮಜ್ಜೆಯ ಕೆಲವು ಜಾಗ ಎದ್ದು ಕಂಡರೆ ಅಷ್ಟು ಸಾಕು. ಕಾಣದಿದ್ದರೆ, ಮಜ್ಜೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದಾ ಅಂತ ಯೋಚಿಸಿ ಆಮೇಲೆ ಸೂಜಿ ಹಿಡಿಯಿರಿ. ಆದರೆ ನಮ್ಮ ಹಿರಿಯರಿಗೆ ಇದ್ದಂಥ ನಿಧಾನವಾಗಿ ಬೆಳೆಯುವ ಜಾತಿಗಳು ಮಜ್ಜೆಯಲ್ಲಿದ್ದರೂ ಪೆಟ್‌ನಲ್ಲಿ ಕಾಣದೇ ಹೋಗಬಹುದು. ಇಡೀ ಮಜ್ಜೆ ಒಂದೇ ಸಮ ಹೊಳೆದರೆ ಅದು ರಕ್ತಹೀನತೆಯಿಂದಲೂ ಇರಬಹುದು, ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್‌ನಿಂದಲೂ ಇರಬಹುದು. ಇನ್ನು ಪೆಟ್‌ಗೆ ಬೆಂಗಳೂರಿಗೆ ಹೋಗಿಬರಲು ದುಡ್ಡಿಲ್ಲದವರಿಗೆ? ಅವರಿಗೆ ಆ 2 ಸೆಂಟಿಮೀಟರೇ ಆಧಾರ.

ಚೀಟಿ ಬಂತು, ಐದೇ ನಿಮಿಷ ಅಂತೆ. ಟ್ರೆಫೈನ್ ಅಂದರೆ ಈ ಮಜ್ಜೆಯ ತುಂಡು, ಆಸ್ಪಿರೇಟ್, ಎರಡೂ ಕಳಿಸಿ. ಗಂಟಿನ ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಶುರು ಮಾಡಬೇಡಿ, ಗಂಟು ಕರಗಿ ಗುರುತೇ ಸಿಗದಂತಾಗುತ್ತದೆ. ಫಾರಂನಲ್ಲಿ ರಕ್ತದ ಕೌಂಟ್ ಬರೆಯಿರಿ. ಮತ್ತೆ ಹೆಸರಿನ ಚೀಟಿಯನ್ನು ಡಬ್ಬಿಗೇ ಅಂಟಿಸಿ, ಮುಚ್ಚಳಕ್ಕಲ್ಲ. ಟೇಬಲ್ ಮೇಲೆ ನಾಲ್ಕು ಡಬ್ಬಿ ಒಟ್ಟಿಗೆ ತೆರೆದಿರುತ್ತವೆ.

ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದಾರೆ. ಕೇಳಮ್ಮಾ.