ಸ್ವಂತ ಊರು ಯಾವುದು? ಇನ್ಯಾಕಿ ವಿಲಿಯಮ್ಸ್ ಎಂಬ ಸ್ಟ್ರೈಕರ್ ಕತೆ

ಎಲ್ಲರಿಗೂ ನಮಸ್ಕಾರ. ಮಳೆ ಬರೋ ಹಾಗಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು.

ನಮ್ಮಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದೇ "ನಿಮ್ಮದು ಯಾವ ಊರು?" ಅಂತ. ಬೆಂಗಳೂರು ಅಂದರೆ ಅಷ್ಟಕ್ಕೆ ಬಿಡುವುದಿಲ್ಲ. "ಅದು ಸರಿ, ಸ್ವಂತ ಊರು ಯಾವುದು?" ನಾನು ಹುಟ್ಟಿದ್ದು, ಓದಿದ್ದು, ಕೆಲಸ ಮಾಡಿದ್ದು ಎಲ್ಲ ಬೆಂಗಳೂರಲ್ಲೇ. ಆದರೂ ಬಾಯಿಗೆ ಬರುವುದು ಅರಸೀಕೆರೆ ಹತ್ತಿರದ ಅಜ್ಜನ ಊರು. ಅಲ್ಲಿ ನಾನು ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗಲಿಕ್ಕಿಲ್ಲ. ಜಾತ್ರೆಗೆ ಅಂತ ಹೋದರೆ ಅಲ್ಲಿಯವರು ಏನಂತಾರೆ ಗೊತ್ತಾ? "ಬೆಂಗಳೂರಿನವನು ಬಂದ ನೋಡು."

ನಾನು ಇವತ್ತು ಹೇಳಹೊರಟಿರುವ ಫುಟ್‌ಬಾಲ್ ಆಟಗಾರನಿಗೂ ಇದೇ ಪಾಡು. ನಮಗೆ ಇದು ಜಾತ್ರೆಯಲ್ಲಿ ನಕ್ಕು ಮುಗಿಯುವ ಮಾತು. ಅವನು ಇದಕ್ಕೆ ಇಡೀ ಜಗತ್ತಿನ ಎದುರು ಉತ್ತರ ಕೊಡಬೇಕಾಯಿತು. ಒಂದಲ್ಲ, ಎರಡು ಸಲ. ಎರಡು ಸಲವೂ ಬೇರೆ ಬೇರೆ ಉತ್ತರ.

ಹೆಸರು ಇನ್ಯಾಕಿ ವಿಲಿಯಮ್ಸ್. ಹೆಸರಲ್ಲೇ ಎಷ್ಟು ಊರಿದೆ ನೋಡಿ. ಇನ್ಯಾಕಿ ಅನ್ನೋದು ಅಪ್ಪಟ ಬಾಸ್ಕ್ ಹೆಸರು, ಅಂದರೆ ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯದು. ವಿಲಿಯಮ್ಸ್ ಇಂಗ್ಲಿಷರ ಕಡೆಯದು. ಅಪ್ಪ ಅಮ್ಮ ಘಾನಾದವರು. ಹುಟ್ಟಿದ್ದು 1994ರ ಜೂನ್ 15ರಂದು, ಸ್ಪೇನಿನ ಬಿಲ್ಬಾವೊದಲ್ಲಿ.

ಅಪ್ಪ ಫೆಲಿಕ್ಸ್, ಅಮ್ಮ ಮರಿಯಾ. ಇಬ್ಬರೂ ಘಾನಾದಿಂದ ಹೊರಟಿದ್ದು ಒಂದು ಲಾರಿಯಲ್ಲಿ, ಜನರನ್ನು ಕುರಿ ತುಂಬಿದ ಹಾಗೆ ತುಂಬಿಕೊಂಡು. ದುಡ್ಡು ತೆಗೆದುಕೊಂಡವರು ಸಹಾರಾ ಮರುಭೂಮಿಯ ನಡುವೆ ಇಳಿಸಿ ಹೊರಟುಹೋದರು. ಅಲ್ಲಿಂದ ಮುಂದೆ ನಡಿಗೆ. 40-50 ಡಿಗ್ರಿ ಬಿಸಿಲಲ್ಲಿ, ಕಾದ ಮರಳ ಮೇಲೆ, ಕಾಲಲ್ಲಿ ಚಪ್ಪಲಿ ಇಲ್ಲದೆ. ಫೆಲಿಕ್ಸ್ ಅವರ ಅಂಗಾಲು ಆಗ ಸುಟ್ಟಿದ್ದು ಇವತ್ತಿಗೂ ಸರಿಹೋಗಿಲ್ಲ. ಈ ಅಂಗಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಸತ್ತವರನ್ನು ಅಲ್ಲೇ ಹೂತು ಮುಂದೆ ನಡೆದರು.

ಕೊನೆಗೆ ತಲುಪಿದ್ದು ಮೆಲಿಯಾ. ಆಫ್ರಿಕಾ ಖಂಡದಲ್ಲೇ ಇರುವ, ಆದರೆ ಸ್ಪೇನಿಗೆ ಸೇರಿದ ಪುಟ್ಟ ಊರು ಅದು. ಬೇಲಿ ಹತ್ತಿ ಒಳಗಿಳಿದರು, ಪೊಲೀಸರು ಹಿಡಿದರು. ವಾಪಸ್ ಕಳಿಸುವುದು ಖಾತ್ರಿ. ಆಗ ಕಾರಿತಾಸ್ ಅನ್ನುವ ಕ್ಯಾಥೊಲಿಕ್ ಸೇವಾ ಸಂಸ್ಥೆಯ ವಕೀಲರೊಬ್ಬರು ಕಿವಿಯಲ್ಲಿ ಹೇಳಿದರಂತೆ: ಘಾನಾದ ಕಾಗದಪತ್ರ ಹರಿದುಹಾಕಿ, ಲೈಬೀರಿಯಾದವರು, ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದೇವೆ ಅನ್ನಿ. ಹಾಗೇ ಹೇಳಿದರು. ಆಶ್ರಯ ಸಿಕ್ಕಿತು. ಅಂದರೆ ಈ ಹುಡುಗ ಸ್ಪೇನಿನಲ್ಲಿ ಹುಟ್ಟಲು ಸಾಧ್ಯವಾಗಿದ್ದೇ ಅವನ ಅಪ್ಪ ಅಮ್ಮ "ನಾವು ಘಾನಾದವರಲ್ಲ" ಅಂದಿದ್ದರಿಂದ. ಮರಿಯಾ ಆಗ ಗರ್ಭಿಣಿ.

ಅವರನ್ನು ಕಳಿಸಿದ್ದು ಬಿಲ್ಬಾವೊಗೆ. ಅಲ್ಲಿ ಒಬ್ಬ ಪಾದ್ರಿ ಆಸರೆಯಾದರು. ಆಸ್ಪತ್ರೆ, ಮನೆ, ಬಾಣಂತನ ಎಲ್ಲದಕ್ಕೂ ಓಡಾಡಿದರು. ಅವರ ಹೆಸರು ಇನ್ಯಾಕಿ. ಮಗುವಿಗೂ ಅದೇ ಹೆಸರಿಟ್ಟರು. ಮಗುವಿಗೆ ಮೊದಲ ಅಥ್ಲೆಟಿಕ್ ಕ್ಲಬ್ ಅಂಗಿ ತಂದುಕೊಟ್ಟವರೂ ಅವರೇ, ಕೆಂಪು ಬಿಳಿ ಪಟ್ಟೆಯದು.

ಈ ಅಥ್ಲೆಟಿಕ್ ಕ್ಲಬ್ ಬಗ್ಗೆ ಎರಡು ಮಾತು ಹೇಳದಿದ್ದರೆ ಕತೆ ಅರ್ಥವಾಗುವುದಿಲ್ಲ. ಬಿಲ್ಬಾವೊದ ಫುಟ್‌ಬಾಲ್ ಕ್ಲಬ್, 1898ರದ್ದು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟರೆ ಸ್ಪೇನಿನ ಮೊದಲ ದರ್ಜೆಯಿಂದ ಯಾವತ್ತೂ ಕೆಳಗಿಳಿಯದ ತಂಡ ಇದೊಂದೇ. ಇಲ್ಲಿ ಆಡಬೇಕಾದರೆ ಬಾಸ್ಕ್ ಸೀಮೆಯಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲೇ ಆಟ ಕಲಿತಿರಬೇಕು. ಎಷ್ಟು ಕೋಟಿ ಇದ್ದರೂ ಬ್ರೆಜಿಲ್‌ನಿಂದ ಸ್ಟ್ರೈಕರ್ ತರುವ ಹಾಗಿಲ್ಲ. ಇದು ಕಾಗದದ ಮೇಲಿನ ಕಾನೂನಲ್ಲ, ನೂರು ವರ್ಷಕ್ಕೂ ಮೀರಿದ ರೂಢಿ. ನಮ್ಮ ಹುಡುಗರೇ ಸಾಕು ಅನ್ನುವ ಹಟ. ನನಗೆ ಈ ಹಟ ಇಷ್ಟ. ಆದರೆ "ನಮ್ಮ ಹುಡುಗ" ಅಂದರೆ ಯಾರು? 2015ರ ಫೆಬ್ರವರಿಯಲ್ಲಿ ಇಟಲಿಯ ತೊರಿನೊ ತಂಡದ ವಿರುದ್ಧ ಇನ್ಯಾಕಿ ಗೋಲು ಹೊಡೆದ. 117 ವರ್ಷದ ಕ್ಲಬ್‌ಗೆ ಕಪ್ಪು ಆಟಗಾರನೊಬ್ಬ ಹೊಡೆದ ಮೊದಲ ಗೋಲು ಅದು. ರೂಢಿಯನ್ನು ಮುರಿದು ಅಲ್ಲ, ರೂಢಿಗೆ ಸರಿಯಾಗೇ ಒಳಗೆ ಬಂದವನು ಅವನು. ಹುಟ್ಟಿದ್ದು ಬಿಲ್ಬಾವೊ, ಬೆಳೆದದ್ದು ಹತ್ತಿರದ ಪಾಂಪ್ಲೋನಾ. ಇನ್ನೇನು ಬೇಕು?

ಪಾಂಪ್ಲೋನಾದ ದಿನಗಳು ಸುಲಭದ್ದಲ್ಲ. ಕೆಲಸ ಸಿಗದೆ ಅಪ್ಪ ಲಂಡನ್ನಿಗೆ ಹೋದರು. ಅಲ್ಲಿ ಟೇಬಲ್ ಒರೆಸಿದರು, ಸೆಕ್ಯುರಿಟಿ ಕೆಲಸ ಮಾಡಿದರು, ಚೆಲ್ಸಿ ಸ್ಟೇಡಿಯಮ್ಮಿನ ಗೇಟಿನಲ್ಲೂ ನಿಂತರು. ಇಲ್ಲಿ ಅಮ್ಮ ಒಂದೇ ದಿನ ಎರಡು ಮೂರು ಕಡೆ ದುಡಿಯುತ್ತಿದ್ದರು. ತಮ್ಮ ನಿಕೊ ಹುಟ್ಟಿದ್ದು 2002ರಲ್ಲಿ. ಅವನಿಗೆ ಊಟ ಹಾಕಿದ್ದು, ಶಾಲೆಗೆ ಕರೆದುಕೊಂಡು ಹೋಗಿದ್ದು ಎಲ್ಲ ಅಣ್ಣನೇ. ಈಗಲೂ ಇಬ್ಬರೂ ಮೈದಾನದಲ್ಲಿದ್ದಾಗ ನೋಡಿ. ನಿಕೊ ಚೆಂಡು ಬಿಟ್ಟುಕೊಟ್ಟರೆ ಇನ್ಯಾಕಿ ಕೈಯೆತ್ತಿ ಗದರುತ್ತಾನೆ. ಜೊತೆ ಆಟಗಾರ ಗದರುವ ರೀತಿ ಅಲ್ಲ ಅದು, ಮಾರ್ಕ್ಸ್ ಕಾರ್ಡ್ ನೋಡಿದ ಅಪ್ಪನ ರೀತಿ.

ಸಹಾರಾದ ಕತೆ ಅವನಿಗೆ ಗೊತ್ತಾಗಿದ್ದು 20ನೇ ವಯಸ್ಸಿಗೆ. ಅಲ್ಲಿಯವರೆಗೂ ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ಈಗ ಆಟಕ್ಕೆ ಬರೋಣ. ಇನ್ಯಾಕಿಯ ಆಟದ ಬಂಡವಾಳ ಓಟ. ರಕ್ಷಣಾ ಸಾಲಿನ ಹಿಂದೆ ಖಾಲಿ ಜಾಗ ಕಂಡರೆ ಸಾಕು, ಹೊರಟ ಅಂದರೆ ಹಿಡಿಯೋಕಾಗಲ್ಲ. ಗೋಲಿನ ಎದುರು ಅವನು ದೊಡ್ಡ ಕಸಬುದಾರ ಅಂತ ನಾನು ಹೇಳುವುದಿಲ್ಲ. ಸುಲಭದ ಗೋಲುಗಳನ್ನು ಕೈಚೆಲ್ಲಿದ್ದು ಬೇಕಾದಷ್ಟಿದೆ. ಕಷ್ಟದ್ದನ್ನು ಮಾತ್ರ ಹೊಡೆಯುತ್ತಾನೆ! 2021ರ ಜನವರಿಯ ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್ ನೆನಪಿದೆಯಾ? ಎದುರಿಗೆ ಬಾರ್ಸಿಲೋನಾ, ಹೆಚ್ಚುವರಿ ಅವಧಿಯ ಮೂರನೇ ನಿಮಿಷ, 2-2. ಎಡಗಡೆಯಿಂದ ಒಳಗೆ ಬಂದು ಬಲಗಾಲಲ್ಲಿ ತಿರುಗಿಸಿ ಹೊಡೆದ. ಚೆಂಡು ದೂರದ ಕಂಬಕ್ಕೆ ಬಡಿದು ಒಳಗೆ ಹೋಯಿತು. 3-2. ಕಪ್ ಬಿಲ್ಬಾವೊಗೆ.

ಆದರೆ ಅವನ ನಿಜವಾದ ದಾಖಲೆ ಬೇರೆ. 2016ರ ಏಪ್ರಿಲ್‌ನಿಂದ 2023ರ ಜನವರಿವರೆಗೆ ಸ್ಪೇನ್ ಲೀಗಿನಲ್ಲಿ ಒಂದೂ ಪಂದ್ಯ ತಪ್ಪಿಸಲಿಲ್ಲ. ಸಾಲಾಗಿ 251 ಪಂದ್ಯ. ಹಿಂದಿನ ದಾಖಲೆ 202. ಸ್ಟ್ರೈಕರ್ ಅಂದರೆ ತೊಂಬತ್ತು ನಿಮಿಷ ಒದೆ ತಿನ್ನುವ ಕೆಲಸ. ಅಂಥದ್ದರಲ್ಲಿ ಸುಮಾರು ಏಳು ವರ್ಷ ಗಾಯ ಅಂತ ಕೂರಲಿಲ್ಲ, ರೆಡ್ ಕಾರ್ಡ್ ಅಂತ ಹೊರಗೆ ಉಳಿಯಲಿಲ್ಲ. ಇದರಲ್ಲಿ ಸ್ವಲ್ಪ ಕಾಲ ಅಂಗಾಲಿನಲ್ಲಿ ಗಾಜಿನ ಚೂರು ಇಟ್ಟುಕೊಂಡೇ ಆಡಿದ್ದನಂತೆ. ಹಳೆಯ ಗಾಯ, ಒಳಗೆ ಚೂರು ಉಳಿದಿತ್ತು, ಆಮೇಲೆ ಆಪರೇಷನ್ ಮಾಡಿ ತೆಗೆಸಿದ. ಅಪ್ಪನ ಅಂಗಾಲು ನೆನಪಿದೆ ಅಲ್ವಾ? ಸುಮ್ನೆ ಹೇಳಿದೆ.

ಸರಿ, ಪಾಸ್‌ಪೋರ್ಟ್ ವಿಷಯ. 2016ರ ಮೇ 29ರಂದು ಸ್ಪೇನ್ ಇವನನ್ನು ಬೋಸ್ನಿಯಾ ವಿರುದ್ಧ ಆಡಿಸಿತು. ಬದಲಿ ಆಟಗಾರನಾಗಿ ಇಳಿದ. ಅದು ಸೌಹಾರ್ದ ಪಂದ್ಯ. ಆಮೇಲೆ ಸ್ಪೇನ್ ಮತ್ತೆ ಆಡಿಸಲಿಲ್ಲ. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆಯ ನಿಯಮದಲ್ಲಿ ಇಲ್ಲೊಂದು ಸೂಕ್ಷ್ಮ ಇದೆ. ಸೌಹಾರ್ದ ಪಂದ್ಯ ಆಡಿದರೆ ನಿಶ್ಚಿತಾರ್ಥವೂ ಅಲ್ಲ, ಸುಮ್ನೆ ಹೆಣ್ಣು ನೋಡಿ ಉಪ್ಪಿಟ್ಟು ಕೇಸರಿಬಾತ್ ತಿಂದು ಬಂದ ಹಾಗೆ. ವಿಶ್ವಕಪ್, ಅರ್ಹತಾ ಸುತ್ತು ಇಂಥ ಅಧಿಕೃತ ಪಂದ್ಯ ಆಡಿದರೆ ತಾಳಿ ಕಟ್ಟಿದ ಹಾಗೆ. ಮುನೀರ್ ಅಲ್ ಹದ್ದಾದಿ ಅಂತ ಬಾರ್ಸಿಲೋನಾದ ಹುಡುಗ 2014ರಲ್ಲಿ ಸ್ಪೇನ್ ಪರ ಮ್ಯಾಸಿಡೋನಿಯಾ ವಿರುದ್ಧ ಆಡಿದ್ದು ಹದಿಮೂರೇ ನಿಮಿಷ. ಅರ್ಹತಾ ಪಂದ್ಯವಾಗಿತ್ತು. ಅಷ್ಟಕ್ಕೇ ಅವನ ಅಪ್ಪನ ದೇಶ ಮೊರೊಕ್ಕೊದ ಪರ ಆಡುವ ಬಾಗಿಲು ಮುಚ್ಚಿತು. ಕ್ರೀಡಾ ನ್ಯಾಯಮಂಡಳಿಗೆ ಹೋದರೂ ಆಗಲಿಲ್ಲ. 2020ರಲ್ಲಿ ಫಿಫಾ ನಿಯಮ ಸಡಿಲಿಸಿತು. 21 ವಯಸ್ಸಿಗೆ ಮುಂಚೆ ಮೂರಕ್ಕಿಂತ ಜಾಸ್ತಿ ಪಂದ್ಯ ಆಡಿರದಿದ್ದರೆ, ಮೂರು ವರ್ಷ ಕಳೆದಿದ್ದರೆ ಬದಲಾಯಿಸಬಹುದು ಅಂತ. ಮುನೀರ್ 2021ರಲ್ಲಿ ಮೊರೊಕ್ಕೊ ಪರ ಆಡಿದ. ಇನ್ಯಾಕಿಗೆ ಈ ಸಡಿಲಿಕೆಯೂ ಬೇಕಿರಲಿಲ್ಲ. ಆಡಿದ್ದು ಉಪ್ಪಿಟ್ಟು ಪಂದ್ಯ.

ಘಾನಾ ಬಾಗಿಲು ತಟ್ಟುತ್ತಲೇ ಇತ್ತು. ಅವನು ಮೊದಲು ಕೊಟ್ಟ ಉತ್ತರ: ಬೇಡ. ನಾನು ಹುಟ್ಟಿ ಬೆಳೆದದ್ದು ಇಲ್ಲಿ. ಅಪ್ಪ ಅಮ್ಮನ ದೇಶದ ಮೇಲೆ ಪ್ರೀತಿ ಇದೆ. ಆದರೆ ಪೂರ್ತಿ ಘಾನಾದವನು ಅಂತ ಅನ್ನಿಸುವ ಇನ್ನೊಬ್ಬ ಹುಡುಗ ಅಲ್ಲಿದ್ದಾನೆ, ಅವನ ಜಾಗ ನಾನು ಕಿತ್ತುಕೊಳ್ಳಬಾರದು. ಹೆಚ್ಚುಕಡಿಮೆ ಇದೇ ಅವನ ಮಾತಿನ ಸಾರ. ಅವನ ಕತೆ ಹೇಳುವವರೆಲ್ಲ ಆಮೇಲಿನ "ಹೂಂ" ಬಗ್ಗೆ ಕಣ್ಣೀರು ಹಾಕುತ್ತಾರೆ. ನನಗೆ ಜಾಸ್ತಿ ಇಷ್ಟವಾಗಿದ್ದು ಈ ಮೊದಲಿನ "ಬೇಡ". ಸ್ಪೇನ್ ಕರೆಯುತ್ತಿಲ್ಲ, ವಯಸ್ಸು ಓಡುತ್ತಿದೆ, ಇನ್ನೊಂದು ಕಡೆ ಕರೆದು ಎಲೆ ಹಾಕುತ್ತಿದ್ದಾರೆ. ಅಂಥ ಹೊತ್ತಲ್ಲಿ ಊಟಕ್ಕೆ ಕೂರಬೇಕಾದ ಇನ್ನೊಬ್ಬನನ್ನು ನೆನೆಯುವವರು ಎಷ್ಟು ಜನ?

2022ರ ಬೇಸಿಗೆಯಲ್ಲಿ ಘಾನಾಕ್ಕೆ ಹೋದ. ಅಲ್ಲಿ ತೊಂಬತ್ತರ ಆಸುಪಾಸಿನ ಅಜ್ಜ, ಬಂಧುಗಳು. ನೀನು ನಮ್ಮ ದೇಶದ ಅಂಗಿ ಹಾಕಿದ್ದನ್ನು ನೋಡಬೇಕು ಅಂತ ಅಜ್ಜ ಕೇಳಿದರು. ಜುಲೈ 5ರಂದು ಇನ್ಯಾಕಿ ಪ್ರಕಟಿಸಿದ: ಘಾನಾಕ್ಕೆ ಆಡುತ್ತೇನೆ.

ಇಲ್ಲಿ ಒಂದು ತಕರಾರು ಇದೆ, ಮುಚ್ಚಿಡಬಾರದು. ಘಾನಾ ವಿಶ್ವಕಪ್‌ಗೆ ಅರ್ಹತೆ ಪಡೆದದ್ದು ಮಾರ್ಚ್‌ನಲ್ಲಿ, ನೈಜೀರಿಯಾದ ಅಬುಜಾದಲ್ಲಿ 1-1 ಮಾಡಿಕೊಂಡು. ಬೆವರು ಸುರಿಸಿದವರು ಬೇರೆ. ಬಸ್ಸು ಹೊರಡುವ ಹೊತ್ತಿಗೆ ಬಂದು ಕಿಟಕಿ ಸೀಟು ಹಿಡಿದವರು ಬೇರೆ. ಇನ್ಯಾಕಿ ಒಬ್ಬನೇ ಅಲ್ಲ, ಆಗ ಯುರೋಪಿನಲ್ಲಿ ಬೆಳೆದ ಇನ್ನೂ ಕೆಲವರು ಬಂದರು. ಅಲ್ಲಿನ ಅಭಿಮಾನಿಗಳು ಗೊಣಗಿದರೆ ಅದು ತಪ್ಪು ಅಂತ ನಾನು ಹೇಳಲಾರೆ.

ನಮ್ಮೂರಿನ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲೂ ಒಬ್ಬ ವಿಲಿಯಮ್ಸ್ ಇದ್ದಾನೆ. ಕಂಠೀರವದಲ್ಲಿ ಪಂದ್ಯ ನೋಡಿದವರಿಗೆ ಗೊತ್ತು, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದವನು. ತಾಯಿ ಮುಂಬೈಯಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ತಾಯಿಯ ತಂದೆ 1950ರ ದಶಕದಲ್ಲಿ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. ಇವನೂ ಆಸ್ಟ್ರೇಲಿಯಾಕ್ಕೆ ಒಂದು ಸೌಹಾರ್ದ ಪಂದ್ಯ ಆಡಿದ್ದ. ಭಾರತಕ್ಕೆ ಆಡಬೇಕು ಅಂದಾಗ ಎದುರಾದದ್ದು ಬೇರೆ ಗೋಡೆ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ವೀಸಾ ಬೇಡ ಅಷ್ಟೇ, ದೇಶದ ಅಂಗಿ ಸಿಗುವುದಿಲ್ಲ. ಅವನು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ. 2025ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಸುನಿಲ್ ಛೆಟ್ರಿ ಅವನ ಕೈಗೆ ಭಾರತದ ಪಾಸ್‌ಪೋರ್ಟ್ ಕೊಟ್ಟರು. ಘಾನಾ ತನ್ನವರಿಗೆ ಎರಡೂ ಇಟ್ಟುಕೋ ಅನ್ನುತ್ತದೆ. ನಾವು ಒಂದು ಬಿಟ್ಟು ಬಾ ಅನ್ನುತ್ತೇವೆ. ಕಾನೂನಿನ ಸರಿ ತಪ್ಪು ವಕೀಲರು ಹೇಳಲಿ. ಫುಟ್‌ಬಾಲ್ ನೋಡುವವನಾಗಿ ನನಗೆ ಅನ್ನಿಸುವುದು, ಮೂವತ್ತೆರಡರ ಹತ್ತಿರದ ಆಟಗಾರನಿಗೆ ಇದು ಸಣ್ಣ ಬೆಲೆ ಅಲ್ಲ.

ಮತ್ತೆ ಇನ್ಯಾಕಿಗೆ. 2022ರ ನವೆಂಬರ್ 24, ವಿಶ್ವಕಪ್ ಪಂದ್ಯ, ದೋಹಾದ ಸ್ಟೇಡಿಯಂ 974. ಘಾನಾ 2, ಪೋರ್ಚುಗಲ್ 3. ಇಂಜುರಿ ಟೈಮ್ ಮುಗಿಯುತ್ತಾ ಬಂದಿದೆ. ಪೋರ್ಚುಗಲ್ ಗೋಲ್‌ಕೀಪರ್ ದಿಯೊಗೊ ಕೋಸ್ಟಾ ಚೆಂಡು ಕೈಯಲ್ಲಿ ಹಿಡಿದು ಹೊತ್ತು ಕಳೆಯುತ್ತಿದ್ದಾನೆ. ಇನ್ಯಾಕಿ ಅವನ ಬೆನ್ನ ಹಿಂದೆ, ಗೋಲಿನ ಹತ್ತಿರವೇ ನಿಂತಿದ್ದಾನೆ. ಕೀಪರ್ ತಿರುಗಿ ನೋಡಲಿಲ್ಲ. ಚೆಂಡನ್ನು ಆರಾಮಾಗಿ ನೆಲಕ್ಕೆ ಬಿಟ್ಟ. ಇನ್ಯಾಕಿ ಬೆಕ್ಕಿನ ಹಾಗೆ ನುಗ್ಗಿದ. ಚೆಂಡು ಸಿಕ್ಕೇಬಿಟ್ಟಿತು! ಎದುರಿಗೆ ಗೋಲು ಖಾಲಿ. ತಿರುಗಿ ಒದೆಯಬೇಕು, ಅಷ್ಟೇ. ಕಾಲು ಜಾರಿತು. ಬಿದ್ದ. ಅಷ್ಟರಲ್ಲಿ ಡಿಫೆಂಡರ್ ಬಂದು ಚೆಂಡು ದಾಟಿಸಿದ. ಆಚೆ ಬೆಂಚಿನಲ್ಲಿ ಕೂತಿದ್ದ ರೊನಾಲ್ಡೊ ಜೀವ ಬಾಯಿಗೆ ಬಂದವನ ಹಾಗಿದ್ದ. ನಾನು ನಮ್ಮ ಮನೆಯ ಹಾಲ್‌ನಲ್ಲಿ ಕೂಗಿಕೊಂಡ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದ್ದರು.

ಆ ಟೂರ್ನಿಯಲ್ಲಿ ತಮ್ಮ ನಿಕೊ ಕೂಡ ಇದ್ದ, ಸ್ಪೇನ್ ಅಂಗಿಯಲ್ಲಿ. 2024ರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಪೇನ್‌ನ ಮೊದಲ ಗೋಲು ನಿಕೊದೇ. ಒಂದೇ ತಾಯಿಯ ಮಕ್ಕಳು, ಒಂದೇ ಕ್ಲಬ್, ದೇಶ ಮಾತ್ರ ಎರಡು. ಅಣ್ಣನದು ಸರಿ, ತಮ್ಮನದು ತಪ್ಪು ಅಂತ ಹೇಳುವವರಿದ್ದರೆ ಮರಿಯಾ ಅವರ ಮುಂದೆ ಹೋಗಿ ಹೇಳಲಿ ನೋಡೋಣ.

ಘಾನಾ ಪರ ಇನ್ಯಾಕಿಯ ಮೊದಲ ಗೋಲು ಬರೋಕೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. 2023ರ ನವೆಂಬರ್, ಕುಮಾಸಿ, ಮಡಗಾಸ್ಕರ್ ಎದುರು, 96ನೇ ನಿಮಿಷ, ಪಂದ್ಯದ ಒಂದೇ ಗೋಲು. ಅಲ್ಲಿ ಅವನು ಗೋಲುಗಳ ಮಳೆ ಸುರಿಸಿಲ್ಲ. ಅಂಕಿಸಂಖ್ಯೆ ಇಟ್ಟುಕೊಂಡು ಜಗಳಕ್ಕೆ ಬರುವವರ ಹತ್ತಿರ ನನಗೆ ಉತ್ತರ ಇಲ್ಲ.

ಕೊನೆಗೆ ಒಂದು ವಾರದ ಕತೆ ಹೇಳಿಬಿಡುತ್ತೇನೆ. 2024ರ ಜನವರಿ 22, ಸೋಮವಾರ. ಐವರಿ ಕೋಸ್ಟ್‌ನಲ್ಲಿ ಆಫ್ರಿಕಾ ಕಪ್. ಘಾನಾ ಮೊಜಾಂಬಿಕ್ ವಿರುದ್ಧ 2-0 ಮುಂದಿತ್ತು. ಇಂಜುರಿ ಟೈಮಿನಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ 2-2. ಕೂಟದಲ್ಲಿ ಕತೆ ಮುಗಿದ ಹಾಗೇ. ಇನ್ಯಾಕಿ ವಿಮಾನ ಹತ್ತಿದ. ಬುಧವಾರ 24ರ ರಾತ್ರಿ ಬಿಲ್ಬಾವೊದಲ್ಲಿ ಸ್ಪೇನಿನ ಕಿಂಗ್ಸ್ ಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಬಾರ್ಸಿಲೋನಾ. ಬೆಂಚಿನಿಂದ ಎದ್ದು ಬಂದ. ಪಂದ್ಯ 2-2ರಲ್ಲಿ ಹೆಚ್ಚುವರಿ ಅವಧಿಗೆ ಹೋಯಿತು. ಅದರ ಮೊದಲರ್ಧ ಮುಗಿಯುವ ಹೊತ್ತಿಗೆ ಇನ್ಯಾಕಿ ಗೋಲು, 3-2. ಕೊನೆಯಲ್ಲಿ ನಿಕೊ ಗೋಲು, 4-2. ಆ ವರ್ಷ ಏಪ್ರಿಲ್‌ನಲ್ಲಿ ಅಥ್ಲೆಟಿಕ್ ಕ್ಲಬ್ ಆ ಕಪ್ ಗೆದ್ದಿತು, 40 ವರ್ಷದ ಮೇಲೆ. ಅಲ್ಲಿ ಗೆದ್ದವರನ್ನು ಬಸ್ಸಲ್ಲಿ ಮೆರೆಸುವುದಿಲ್ಲ. ನೆರ್ವಿಯೊನ್ ನದಿಯಲ್ಲಿ ಗಬಾರ್ರಾ ಅನ್ನುವ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಎರಡೂ ದಡದಲ್ಲಿ ಲಕ್ಷಗಟ್ಟಲೆ ಜನ. ದೋಣಿಯಲ್ಲಿ ಅಣ್ಣ, ತಮ್ಮ.

ಕಾಫಿ ಬಂತು ಅನ್ನಿಸುತ್ತೆ. ಪ್ರಶ್ನೆ ಇದ್ದರೆ ಕುಡೀತಾ ಕೇಳಿ. ಸ್ವಂತ ಊರು ಯಾವುದು ಅಂತ ಮಾತ್ರ ಕೇಳಬೇಡಿ, ಈಗಾಗಲೇ ಹೇಳಿದ್ದೀನಿ.